ಕರಗಿದ ಲೋಹವನ್ನು ಸೋಸುವುದು ಹೇಗೆ: ಮೂಸೆಯಿಂದ ಅಚ್ಚಿನವರೆಗೆ

ಲೇತ್‌ಗೆ ಕಟ್ಟಿದ ಅಲ್ಯೂಮಿನಿಯಂ ಎರಕ. ಹೊರಗಡೆ ಒಂದು ಚುಕ್ಕೆಯೂ ಇಲ್ಲ. ಮೊದಲ ಕಟ್ ಚೆನ್ನಾಗಿ ಬಂತು, ಎರಡನೆಯದೂ ಬಂತು. ಮೂರನೆಯದರಲ್ಲಿ ಟಕ್ ಅಂತ ಒಂದು ಸದ್ದು. ಮಷಿನ್ ನಿಲ್ಲಿಸಿ ನೋಡಿದರೆ ಟೂಲಿನ ತುದಿ ಹಾರಿಹೋಗಿದೆ. ಹೊಳೆಯುವ ಮೈಮೇಲೆ ಸಾಸಿವೆ ಕಾಳಿನಷ್ಟು ಬೂದು ಕಲೆ. ಉಗುರಿನಲ್ಲಿ ಕೆರೆದರೆ ಬರುವುದಿಲ್ಲ, ಫೈಲ್ ಹಾಕಿದರೆ ಫೈಲೇ ಜಾರುತ್ತದೆ. ಅಷ್ಟು ಹೊತ್ತು ಮಾಡಿದ ಕೆಲಸ ಮತ್ತೆ ಮೂಸೆಗೆ.

ಆ ಕಲೆ ಅಲ್ಯೂಮಿನಿಯಂ ಆಕ್ಸೈಡ್. ಅಲ್ಯೂಮಿನಿಯಂ ಗಾಳಿಗೆ ತಾಗಿದ ಕ್ಷಣದಲ್ಲೇ ಅದರ ಮೇಲೆ ಹಾಲಿನ ಕೆನೆಯ ಹಾಗೆ ತೆಳ್ಳನೆಯ ಪದರ ಕಟ್ಟುತ್ತದೆ. ಕೆನೆ ಮೇಲೇ ಇದ್ದರೆ ತೊಂದರೆ ಇಲ್ಲ. ಲೋಹ ಕುಲುಕಿದಾಗ, ಎತ್ತರದಿಂದ ಬಿದ್ದಾಗ ಅದು ಮಡಚಿಕೊಂಡು ಒಳಗೆ ಹೋಗುತ್ತದೆ. ಮಡಿಕೆಯ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಎರಡು ಪದರ ಒಂದಕ್ಕೊಂದು ಅಂಟುವುದಿಲ್ಲ, ಹಾಗಾಗಿ ಎರಕದೊಳಗೆ ಮೊದಲೇ ಒಂದು ಬಿರುಕು ಕೂತ ಹಾಗೆ. ಬ್ರಿಟನ್ನಿನ ಲೋಹ ವಿಜ್ಞಾನಿ ಜಾನ್ ಕ್ಯಾಂಬೆಲ್ ಇದಕ್ಕೆ ಬೈಫಿಲ್ಮ್ ಎಂದು ಹೆಸರಿಟ್ಟರು.

ಇದನ್ನು ತಡೆಯೋಕೆ ಫಿಲ್ಟರ್ ಹಾಕುತ್ತಾರೆ. ಹಾಕಿದ ಮೇಲೂ ಕಲೆ ಬರುತ್ತದೆ ಎಂದು ಗೊಣಗುವವರೂ ಇದ್ದಾರೆ. ನಾನೂ ಗೊಣಗಿದವನೇ. ಹೆಚ್ಚಿನ ಸಲ ತಪ್ಪು ಫಿಲ್ಟರ್‌ನದಲ್ಲ. ಸೋಸಿದ ಲೋಹವನ್ನು ನಾವು ಮತ್ತೆ ಎತ್ತರದಿಂದ ಬೀಳಿಸಿ ಹೊಸ ಕೆನೆ ಮಾಡಿರುತ್ತೇವೆ. ಈ ಲೇಖನದಲ್ಲಿ ಮುಖ್ಯವಾಗಿ ಅಲ್ಯೂಮಿನಿಯಂ ಮಿಶ್ರಲೋಹಗಳನ್ನು ಇಟ್ಟುಕೊಂಡು ಹಂತ ಹಂತವಾಗಿ ಹೇಳುತ್ತೇನೆ. ಬೇರೆ ಲೋಹಗಳ ಮಾತು ಕೊನೆಯ ಹತ್ತಿರ ಬರುತ್ತದೆ.

ಹಂತ 1: ಏನನ್ನು ಸೋಸಬೇಕು ಎಂದು ಮೊದಲು ಗೊತ್ತುಮಾಡಿಕೊಳ್ಳಿ

ಫಿಲ್ಟರ್ ಹಿಡಿಯುವುದು ಗಟ್ಟಿ ಪದಾರ್ಥವನ್ನು ಮಾತ್ರ. ಆಕ್ಸೈಡ್ ಪದರ, ಮೂಸೆಯಿಂದ ಅಥವಾ ಕುಲುಮೆಯ ಗೋಡೆಯಿಂದ ಉದುರಿದ ಚೂರು, ಅಚ್ಚಿನ ಮರಳು, ಕಿಟ್ಟ, ಇವೆಲ್ಲ ಸಿಗುತ್ತವೆ. ಲೋಹದಲ್ಲಿ ಕರಗಿಹೋಗಿರುವುದು ಸಿಗುವುದಿಲ್ಲ. ನೀರಿಗೆ ಉಪ್ಪು ಹಾಕಿ ಬಟ್ಟೆಯಲ್ಲಿ ಸೋಸಿದರೆ ಉಪ್ಪು ಬರುತ್ತದೆಯೇ? ಹಾಗೇ ಇದೂ.

ಕರಗಿರುವುದರಲ್ಲಿ ಜಾಸ್ತಿ ಕಾಡುವವು ಎರಡು. ಒಂದು ಹೈಡ್ರೋಜನ್. ಗಾಳಿಯ ತೇವದಿಂದ, ಒದ್ದೆ ಗುಜರಿಯಿಂದ, ಎಣ್ಣೆ ಹತ್ತಿದ ಚೂರುಗಳಿಂದ ಅದು ಒಳಗೆ ಸೇರುತ್ತದೆ. ಕರಗಿದ ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುವಷ್ಟು ಹೈಡ್ರೋಜನ್ನಿನ ಸುಮಾರು ಇಪ್ಪತ್ತರಲ್ಲಿ ಒಂದು ಪಾಲನ್ನು ಮಾತ್ರ ಗಟ್ಟಿಯಾದ ಲೋಹ ಇಟ್ಟುಕೊಳ್ಳಬಲ್ಲದು. ಉಳಿದದ್ದು ಗುಳ್ಳೆಯಾಗಿ ಕೂರುತ್ತದೆ. ಇನ್ನೊಂದು ಕಬ್ಬಿಣ. ಒಮ್ಮೆ ಕರಗಿದರೆ ಅದನ್ನು ತೆಗೆಯುವುದು ಬಲು ಕಷ್ಟ. ಶುದ್ಧ ಲೋಹ ಬೆರೆಸಿ ಪ್ರಮಾಣ ತಗ್ಗಿಸುವುದೇ ಸುಲಭದ ದಾರಿ.

ಕರಗಿದ್ದನ್ನು ಸೋಸುವ ಒಂದು ಉಪಾಯ ಇದೆ, ಆದರೆ ಎಲ್ಲ ಲೋಹಕ್ಕೂ ನಡೆಯುವುದಿಲ್ಲ. ತವರ ಕರಗುವುದು 232 ಡಿಗ್ರಿಯಲ್ಲಿ. ಕಬ್ಬಿಣ ಬೆರೆತ ತವರವನ್ನು ಬಿಸಿ ಮಾಡಿ, ಆಮೇಲೆ ಆ ಉಷ್ಣತೆಯ ಹತ್ತಿರಕ್ಕೆ ನಿಧಾನವಾಗಿ ಇಳಿಸಿದರೆ ಕಬ್ಬಿಣ ತವರದ ಜೊತೆ ಸೇರಿ ಗಟ್ಟಿ ಹರಳಾಗುತ್ತದೆ. ತವರ ಇನ್ನೂ ದ್ರವವಾಗಿಯೇ ಇರುತ್ತದೆ. ಆಗ ಸೋಸಿದರೆ ಕಬ್ಬಿಣ ಜರಡಿಯ ಮೇಲೆ. ಅಲ್ಯೂಮಿನಿಯಂನಲ್ಲಿ ಮ್ಯಾಂಗನೀಸ್ ಸೇರಿಸಿ ಇದೇ ದಾರಿ ಹಿಡಿಯಬಹುದು, ಆದರೆ ಸಣ್ಣ ಫೌಂಡ್ರಿಯಲ್ಲಿ ಅದರ ಗೋಜಿಗೆ ಹೋಗದಿರುವುದೇ ಒಳ್ಳೆಯದು.

ಹಂತ 2: ಮೂಸೆಯಲ್ಲೇ ಅರ್ಧ ಕೆಲಸ ಮುಗಿಸಿ

ಕೊಳಕು ಲೋಹವನ್ನು ಫಿಲ್ಟರ್‌ಗೆ ಸುರಿದರೆ ಅದು ಕಟ್ಟಿಕೊಳ್ಳುತ್ತದೆ, ಅಷ್ಟೇ. ಅಚ್ಚು ಅರ್ಧ ತುಂಬಿ ನಿಂತುಬಿಡುತ್ತದೆ.

ಕೆಲಸಕ್ಕೆ ಮುಂಚೆ ತೇವದ ಮಾತು. ನೀರು ಆವಿಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಕರಗಿದ ಲೋಹದ ಅಡಿಯಲ್ಲಿ ಒಂದು ಹನಿ ಸಿಕ್ಕಿಕೊಂಡರೂ ಲೋಹ ಮೇಲಕ್ಕೆ ಹಾರುತ್ತದೆ. ಮೂಸೆಗೆ ಹಾಕುವ ಪ್ರತಿ ತುಂಡು, ಕಿಟ್ಟ ತೆಗೆಯುವ ಸೌಟು, ಉಷ್ಣತೆ ಅಳೆಯುವ ಥರ್ಮೋಕಪಲ್‌ನ ಕೊಳವೆ, ಲೋಹ ಸುರಿಯುವ ಲ್ಯಾಡಲ್, ಎಲ್ಲವನ್ನೂ ಮೊದಲೇ ಚೆನ್ನಾಗಿ ಕಾಯಿಸಿಕೊಳ್ಳಿ. ನೋಡೋಕೆ ಒಣಗಿದೆ ಅಂದ ಮಾತ್ರಕ್ಕೆ ಒಣಗಿದೆ ಅಂತಲ್ಲ. ತುಕ್ಕು ಹಿಡಿದ ಸೌಟಿನ ತುಕ್ಕಿನಲ್ಲೂ ತೇವ ಇರುತ್ತದೆ. ಮುಖಕ್ಕೆ ಶೀಲ್ಡ್, ಚರ್ಮದ ಏಪ್ರನ್, ಕೈಗವಸು, ಲೋಹ ಒಳಗೆ ಇಳಿಯದಂತೆ ಶೂ ಮೇಲೆ ಬೀಳುವ ಪ್ಯಾಂಟು, ಇಷ್ಟಿಲ್ಲದೆ ಮೂಸೆಯ ಹತ್ತಿರ ನಿಲ್ಲಬೇಡಿ. ಚೆಲ್ಲಿದ ಲೋಹಕ್ಕೆ ನೀರು ಹಾಕಲೇಬಾರದು. ಒಣ ಮರಳು ಪಕ್ಕದಲ್ಲಿರಲಿ.

ಲೋಹ ಕರಗಿದ ಮೇಲೆ ಒಣಗಿದ ಫ್ಲಕ್ಸ್ ಹಾಕಿ. ಕ್ಲೋರೈಡ್ ಮತ್ತು ಫ್ಲೋರೈಡ್ ಉಪ್ಪುಗಳ ಈ ಪುಡಿ ಆಕ್ಸೈಡ್ ಮತ್ತು ಲೋಹದ ನಡುವಿನ ಅಂಟನ್ನು ಬಿಡಿಸುತ್ತದೆ. ಆಗ ಕಿಟ್ಟ ಒಣ ಪುಡಿಯ ಹಾಗೆ ಮೇಲೆ ಬರುತ್ತದೆ. ಅಂಟಂಟಾಗಿ, ಹೊಳೆಯುತ್ತಾ ಬಂದರೆ ಅದರ ಜೊತೆ ಒಳ್ಳೆಯ ಲೋಹವೂ ಹೋಗುತ್ತಿದೆ ಎಂದು ತಿಳಿಯಿರಿ. ಫ್ಲಕ್ಸ್‌ನ ಹೊಗೆ ಒಳ್ಳೆಯದಲ್ಲ, ಗಾಳಿಯಾಡುವ ಕಡೆ ಇರಿ.

ಆಮೇಲೆ ಡಿಗ್ಯಾಸಿಂಗ್, ಅಂದರೆ ಕರಗಿರುವ ಅನಿಲ ಹೊರಹಾಕುವುದು. ಒಣ ಆರ್ಗಾನ್ ಅಥವಾ ನೈಟ್ರೋಜನ್ ಅನ್ನು ತಿರುಗುವ ಗ್ರ್ಯಾಫೈಟ್ ರೋಟರ್ ಮೂಲಕ ಅಡಿಯಿಂದ ಬಿಟ್ಟರೆ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಹೈಡ್ರೋಜನ್ ಆ ಗುಳ್ಳೆಗಳೊಳಗೆ ಸೇರಿಕೊಂಡು ಹೊರಹೋಗುತ್ತದೆ, ಜೊತೆಗೆ ಒಂದಿಷ್ಟು ಆಕ್ಸೈಡನ್ನೂ ಮೇಲಕ್ಕೆ ತರುತ್ತದೆ. ಮೂಸೆಯ ಗಾತ್ರ ನೋಡಿಕೊಂಡು ಸಾಮಾನ್ಯವಾಗಿ 5ರಿಂದ 15 ನಿಮಿಷ ಬೇಕು. ರೋಟರ್ ಜೋರಾಗಿ ತಿರುಗಿ ಮೇಲೆ ಸುಳಿ ಎದ್ದರೆ ಮಾಡಿದ್ದೆಲ್ಲ ಉಲ್ಟಾ. ಸುಳಿ ಕೆನೆಯನ್ನು ಒಳಕ್ಕೆ ಎಳೆಯುತ್ತದೆ.

ಈಗ ಸುಮ್ನೆ ಬಿಡಿ. ಎಷ್ಟು ಹೊತ್ತು? ಇಲ್ಲಿ ಒಂದು ಲೆಕ್ಕ ಹಾಕಿ ನೋಡೋಣ. ಆಕ್ಸೈಡ್ ಕಣ ಲೋಹಕ್ಕಿಂತ ಭಾರ. ಕಲಕದೆ ಬಿಟ್ಟ ಲೋಹದಲ್ಲಿ 100 ಮೈಕ್ರಾನ್‌ನ ಗಟ್ಟಿ ಕಣ 30 ಸೆಂಟಿಮೀಟರ್ ಇಳಿಯೋಕೆ ಒಂದು ನಿಮಿಷವೂ ಬೇಡ. ಅದೇ 10 ಮೈಕ್ರಾನ್‌ನ ಕಣಕ್ಕೆ ಒಂದು ಗಂಟೆಗೂ ಜಾಸ್ತಿ ಬೇಕು, ಯಾಕೆಂದರೆ ಗಾತ್ರ ಹತ್ತು ಪಟ್ಟು ಕಡಿಮೆಯಾದರೆ ಇಳಿಯುವ ವೇಗ ನೂರು ಪಟ್ಟು ಕಡಿಮೆ. ಗಾಳಿ ಸಿಕ್ಕಿಸಿಕೊಂಡ ಮಡಿಕೆಗಳಂತೂ ಮುಳುಗುವುದೂ ಇಲ್ಲ, ತೇಲುವುದೂ ಇಲ್ಲ. 10 ನಿಮಿಷ ಬಿಟ್ಟರೆ ದಪ್ಪನೆಯವು ಅಡಿಗೆ ಹೋಗುತ್ತವೆ. ಉಳಿದವು ಫಿಲ್ಟರ್‌ನ ಪಾಲು. ಅದಕ್ಕೇ ಮೂಸೆಯ ತಳದ ಕೊನೆಯ ಲೋಹವನ್ನು ಎರಕಕ್ಕೆ ಬಳಸಬೇಡಿ, ಬೇರೆ ಅಚ್ಚಿಗೆ ಸುರಿದು ಗಟ್ಟಿ ಮಾಡಿಡಿ.

ಕೊನೆಗೆ ಕಿಟ್ಟ ತೆಗೆಯಿರಿ, ಉಷ್ಣತೆ ನೋಡಿ. ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಎರಕದ ಮಿಶ್ರಲೋಹಗಳನ್ನು ಸಾಮಾನ್ಯವಾಗಿ 690ರಿಂದ 750ರ ನಡುವೆ ಸುರಿಯುತ್ತಾರೆ. ಜಾಸ್ತಿ ಬಿಸಿಯಾದಷ್ಟೂ ಹೈಡ್ರೋಜನ್ ಜಾಸ್ತಿ ಹೀರುತ್ತದೆ.

ಹಂತ 3: ಫಿಲ್ಟರ್ ಆರಿಸಿ

ಸಿಗುವುದು ಮುಖ್ಯವಾಗಿ ಮೂರು ಬಗೆ. ಗಾಜಿನ ನಾರಿನ ಬಲೆ, ತೂತು ತೂತಾದ ಸೆರಾಮಿಕ್ ಬಿಲ್ಲೆ, ಸೆರಾಮಿಕ್ ಫೋಮ್.

ಗಾಜಿನ ಬಲೆ ದೊಡ್ಡ ಚೂರು, ಮರಳು ಹಿಡಿಯುತ್ತದೆ, ಸಣ್ಣದನ್ನು ಬಿಡುತ್ತದೆ. ಎರಡು ಅಚ್ಚಿನ ಪೆಟ್ಟಿಗೆಗಳ ನಡುವೆ ಸಿಕ್ಕಿಸಿದರೆ ಸಾಕು, ಬೇರೆ ಗೂಡು ಬೇಕಿಲ್ಲ. ಮನೆಯಲ್ಲಿ ಹವ್ಯಾಸಕ್ಕೆ ಎರಕ ಹೊಯ್ಯುವವರು ಕೆಲವರು ಸ್ಟೀಲ್ ಜರಡಿಯನ್ನು ಮೂಸೆಗೆ ಅದ್ದುತ್ತಾರೆ. ಬೇಡ. ಕರಗಿದ ಅಲ್ಯೂಮಿನಿಯಂ ಕಬ್ಬಿಣವನ್ನು ತಿನ್ನುತ್ತದೆ. ಚೂರು ತೆಗೆಯೋಕೆ ಹೋಗಿ, ಸೋಸಲಾಗದ ಕಬ್ಬಿಣವನ್ನು ನೀವೇ ಸೇರಿಸಿದ ಹಾಗೆ.

ಸೆರಾಮಿಕ್ ಫೋಮ್ ನೋಡೋಕೆ ಗಟ್ಟಿಯಾದ ಸ್ಪಂಜಿನ ಹಾಗಿರುತ್ತದೆ. ಅದನ್ನು ಮಾಡುವುದೂ ಸ್ಪಂಜಿನಿಂದಲೇ. ಪಾಲಿಯುರೆಥೇನ್ ಫೋಮನ್ನು ಸೆರಾಮಿಕ್ ಗಂಜಿಯಲ್ಲಿ ಅದ್ದಿ, ಹೆಚ್ಚಾದದ್ದನ್ನು ಹಿಂಡಿ, ಒಣಗಿಸಿ ಸುಡುತ್ತಾರೆ. ಫೋಮ್ ಸುಟ್ಟುಹೋಗುತ್ತದೆ, ಸೆರಾಮಿಕ್‌ನ ಬಲೆ ಉಳಿಯುತ್ತದೆ. 1970ರ ದಶಕದಿಂದ ಅಲ್ಯೂಮಿನಿಯಂ ಕೆಲಸದಲ್ಲಿ ಇದು ಬಳಕೆಗೆ ಬಂತು.

ಇದರ ವಿಶೇಷ ಏನೆಂದರೆ ತನ್ನ ರಂಧ್ರಕ್ಕಿಂತ ಎಷ್ಟೋ ಸಣ್ಣ ಕಣವನ್ನೂ ಹಿಡಿಯುತ್ತದೆ. ದಪ್ಪ ಚೂರುಗಳು ಮೇಲ್ಮೈಯಲ್ಲೇ ನಿಲ್ಲುತ್ತವೆ. ಸಣ್ಣವು ಒಳಗೆ ಹೋಗುತ್ತವೆ, ಆದರೆ ಒಳಗಿನ ದಾರಿ ನೇರವಾಗಿಲ್ಲ. ತಿರುವಿನಲ್ಲೆಲ್ಲ ಕಣ ಗೋಡೆಗೆ ತಾಗಿ ಅಂಟಿಕೊಳ್ಳುತ್ತದೆ. ಬಳಸಿದ ಫಿಲ್ಟರನ್ನು ಅಡ್ಡ ಕೊಯ್ದು ಪಾಲಿಶ್ ಮಾಡಿ ಭೂತಗನ್ನಡಿಯಲ್ಲಿ ನೋಡಿ. ಬರುವ ಕಡೆ ಕಪ್ಪು ಎಳೆಗಳು ಒತ್ತಾಗಿರುತ್ತವೆ, ಹೋಗುವ ಕಡೆ ಬರಬರುತ್ತಾ ತೆಳುವಾಗುತ್ತವೆ.

ಹೋಗುವ ಕಡೆಯೂ ಒತ್ತಾಗಿದ್ದರೆ? ಫಿಲ್ಟರ್ ತುಂಬಿಹೋಗಿದೆ, ಮೂಸೆಯ ಕೆಲಸ ಸರಿಯಾಗಿಲ್ಲ ಎಂದರ್ಥ.

ರಂಧ್ರದ ಲೆಕ್ಕ ಪಿಪಿಐನಲ್ಲಿ. ಒಂದು ಇಂಚಿನ ಉದ್ದದಲ್ಲಿ ಎಷ್ಟು ರಂಧ್ರ ಎಂಬುದು. 10 ಒರಟು, 20 ಮಧ್ಯಮ, 30 ನಯ. ಹೊಸಬರು ನೇರವಾಗಿ 30ಕ್ಕೆ ಕೈ ಹಾಕುತ್ತಾರೆ, ಜಾಸ್ತಿ ನಯ ಅಂದರೆ ಜಾಸ್ತಿ ಶುದ್ಧ ಎಂದುಕೊಂಡು. ಅದಕ್ಕೆ ಲೋಹ ತೂರೋಕೆ ಜಾಸ್ತಿ ಒತ್ತಡ ಬೇಕು, ಬೇಗ ಕಟ್ಟಿಕೊಳ್ಳುತ್ತದೆ ಕೂಡ. ನನ್ನ ಮಾತು ಕೇಳಿದರೆ 10 ಅಥವಾ 20ರಿಂದ ಶುರುಮಾಡಿ. ಸಣ್ಣ ಎರಕಗಳಿಗೆ 22 ಮಿಲಿಮೀಟರ್ ದಪ್ಪದ 50 × 50, 75 × 75 ಅಳತೆಯವು ಸಾಮಾನ್ಯ.

ಹಂತ 4: ಗಾತ್ರದ ಲೆಕ್ಕ

ಒಂದು ಉದಾಹರಣೆ. ರೈಸರ್ (ಎರಕ ಗಟ್ಟಿಯಾಗುವಾಗ ಅದಕ್ಕೆ ಲೋಹ ಒದಗಿಸುವ ತೊಟ್ಟಿ), ರನ್ನರ್ (ಅಚ್ಚಿನಲ್ಲಿ ಲೋಹ ಅಡ್ಡ ಹರಿಯುವ ಕಾಲುವೆ) ಎಲ್ಲ ಸೇರಿ 6 ಕಿಲೋ ಲೋಹ. 8 ಸೆಕೆಂಡಿನಲ್ಲಿ ತುಂಬಬೇಕು. ಅಂದರೆ ಸೆಕೆಂಡಿಗೆ 0.75 ಕಿಲೋ. ಕರಗಿದ ಅಲ್ಯೂಮಿನಿಯಂನ ಸಾಂದ್ರತೆ ಸುಮಾರು 2.4, ಹಾಗಾಗಿ ಸೆಕೆಂಡಿಗೆ ಸುಮಾರು 312 ಘನ ಸೆಂಟಿಮೀಟರ್ ಹರಿಯುತ್ತದೆ.

ಸ್ಪ್ರೂ, ಅಂದರೆ ಸುರಿದ ಲೋಹ ಕೆಳಗಿಳಿಯುವ ನೇರ ದಾರಿ, 15 ಸೆಂಟಿಮೀಟರ್ ಎತ್ತರ ಇದ್ದರೆ ಅದರ ತಳದಲ್ಲಿ ಲೋಹದ ವೇಗ ಸೆಕೆಂಡಿಗೆ 1.7 ಮೀಟರ್. 312ನ್ನು 170ರಿಂದ ಭಾಗಿಸಿದರೆ 1.8 ಚದರ ಸೆಂಟಿಮೀಟರ್. ದಾರಿಯ ತಿಕ್ಕಾಟಕ್ಕೆ ಸ್ವಲ್ಪ ಸೇರಿಸಿ 2 ಅಂತ ಇಟ್ಟುಕೊಳ್ಳಿ. ಇದು ಸ್ಪ್ರೂ ತಳದ ಅಡ್ಡಕೊಯ್ತದ ವಿಸ್ತೀರ್ಣ, ಇಡೀ ದಾರಿಯಲ್ಲಿ ಅತಿ ಕಿರಿದಾದ ಜಾಗ.

ಫಿಲ್ಟರ್‌ನ ತೆರೆದ ಮುಖ ಇದರ 3ರಿಂದ 5 ಪಟ್ಟಾದರೂ ಇರಬೇಕು ಎಂಬುದು ಫೌಂಡ್ರಿಗಳಲ್ಲಿ ನಡೆದು ಬಂದ ಲೆಕ್ಕ. 50 × 50ರ ಫಿಲ್ಟರ್‌ನಲ್ಲಿ ಸುತ್ತಲೂ 5 ಮಿಲಿಮೀಟರ್ ಅಂಚು ಗೂಡಿನ ಮೇಲೆ ಕೂರುತ್ತದೆ, ಉಳಿಯುವುದು 40 × 40, ಅಂದರೆ 16 ಚದರ ಸೆಂಟಿಮೀಟರ್. 8 ಪಟ್ಟು ಆಯಿತು. ಧಾರಾಳ. ಲೋಹ ಫಿಲ್ಟರ್‌ನ ಮುಖಕ್ಕೆ ಬರುವಾಗ ಅದರ ವೇಗ ಸೆಕೆಂಡಿಗೆ 20 ಸೆಂಟಿಮೀಟರ್‌ಗೆ ಇಳಿದಿರುತ್ತದೆ.

ಈ ಇಳಿದ ವೇಗವನ್ನೇ ಗಮನಿಸಿ. ಅಲ್ಯೂಮಿನಿಯಂ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ದಾಟಿದರೆ ಅದರ ಮೈ ಒಡೆದು ಕೆನೆ ಮಡಚಿಕೊಳ್ಳುವ ಸಾಧ್ಯತೆ ಶುರುವಾಗುತ್ತದೆ. ಆ ವೇಗ ಬರೋಕೆ ಎಷ್ಟು ಎತ್ತರದಿಂದ ಬೀಳಬೇಕು ಗೊತ್ತಾ? ಬರೀ 13 ಮಿಲಿಮೀಟರ್. ಒಂದು ಬೆರಳಿನ ದಪ್ಪ. 10 ಸೆಂಟಿಮೀಟರ್ ಬಿದ್ದರೆ 1.4 ಮೀಟರ್ ವೇಗ. ನನ್ನ ಅನುಭವದಲ್ಲಿ ಫಿಲ್ಟರ್‌ನಿಂದ ಸಿಗುವ ಲಾಭದಲ್ಲಿ ದೊಡ್ಡ ಪಾಲು ಹೀಗೆ ಹರಿವನ್ನು ಶಾಂತ ಮಾಡುವುದರಿಂದಲೇ ಬರುತ್ತದೆ.

ಹಂತ 5: ಗೂಡು ಮಾಡಿ ಕೂರಿಸಿ

ಫಿಲ್ಟರ್ ಇಡುವ ಜಾಗ ಸ್ಪ್ರೂ ಮುಗಿದ ಮೇಲೆ, ಗೇಟ್‌ಗೆ (ಲೋಹ ಎರಕದ ಜಾಗಕ್ಕೆ ಒಳಹೋಗುವ ಬಾಯಿ) ಮೊದಲು, ರನ್ನರ್‌ನಲ್ಲಿ. ಸ್ಪ್ರೂನ ನೇರ ಕೆಳಗೆ ಇಟ್ಟರೆ ಬೀಳುವ ಲೋಹ ಅದರ ಮೇಲೆ ಬಡಿದು ಚೂರು ಹಾರಿಸಬಹುದು. ಒಂದಿಷ್ಟು ದೂರ ಅಡ್ಡ ಹರಿದು ಬರಲಿ.

ಫಿಲ್ಟರ್ ದಾಟಿದ ಲೋಹ ಕೆಳಕ್ಕೆ ಸುರಿಯಬಾರದು. ಖಾಲಿ ಜಾಗಕ್ಕೆ ಸುರಿದರೆ ನೂರಾರು ಸಣ್ಣ ಧಾರೆ ಆಗುತ್ತದೆ, ಒಂದೊಂದು ಧಾರೆಯ ಸುತ್ತಲೂ ಹೊಸ ಕೆನೆ. ಅದರ ಬದಲು ಕೆಳಗಿನಿಂದ ಬಂದು ಫಿಲ್ಟರ್ ದಾಟಿ ಮೇಲೇರಲಿ. ಫಿಲ್ಟರ್ ಆಚೆಯ ಜಾಗ ಚಿಕ್ಕದಾಗಿದ್ದು ಬೇಗ ತುಂಬಿಕೊಳ್ಳಲಿ. ಎರಕಕ್ಕೆ ಗೇಟ್ ಅಡಿಯಿಂದ ಇರಲಿ, ಲೋಹ ಅಚ್ಚಿನೊಳಗೆ ಬಾವಿ ನೀರಿನ ಹಾಗೆ ಸದ್ದಿಲ್ಲದೆ ಏರಬೇಕು. ಸುರಿಯುವ ಬಾಯಲ್ಲೇ ಫಿಲ್ಟರ್ ಇಟ್ಟು ಕೆಳಗೆ ಅರ್ಧ ಅಡಿ ಬೀಳಿಸುವವರನ್ನು ನೋಡಿದ್ದೇನೆ. ಮರಳು ತಡೆಯುತ್ತದೆ, ಒಪ್ಪುತ್ತೇನೆ. ಆಕ್ಸೈಡ್‌ಗೆ ಏನೂ ಪ್ರಯೋಜನ ಇಲ್ಲ.

ಗೂಡಿನ ಅಳತೆ ಬಲು ನಾಜೂಕು. ಒಮ್ಮೆ ನಾನು ಫಿಲ್ಟರ್ ಹಾಕಿಯೂ ಸಾಲು ಸಾಲಾಗಿ ಎರಕ ಕೆಟ್ಟವು. ಕೊನೆಗೆ ರನ್ನರ್ ಕೊಯ್ದು ನೋಡಿದರೆ ಫಿಲ್ಟರ್‌ನ ಒಂದು ಅಂಚಿಗೆ ಬ್ಲೇಡಿನಷ್ಟು ತೆಳುವಾದ ಲೋಹದ ರೆಕ್ಕೆ ಅಂಟಿಕೊಂಡಿತ್ತು. ಗೂಡು ಸಡಿಲವಾಗಿತ್ತು, ಲೋಹ ಪಕ್ಕದಿಂದ ನುಸುಳಿ ಹೋಗಿತ್ತು. ಫಿಲ್ಟರ್‌ನ ಮಧ್ಯಭಾಗ ಹೆಚ್ಚುಕಡಿಮೆ ಹೊಸದರ ಹಾಗೇ ಇತ್ತು. ಹಾಗಂತ ಬಿಗಿಯಾಗಿ ಒತ್ತಿ ತುರುಕಿದರೆ ಅಂಚು ಪುಡಿಯಾಗುತ್ತದೆ, ಆ ಪುಡಿಯೇ ಎರಕದೊಳಗೆ ಹೋಗುತ್ತದೆ. ಬೆರಳಲ್ಲಿ ಸಲೀಸಾಗಿ ಕೂತು, ಅಲ್ಲಾಡಿಸಿದರೆ ಕದಲದ ಹಾಗಿರಬೇಕು.

ಕೂರಿಸುವ ಮೊದಲು ಫಿಲ್ಟರನ್ನು ಅಂಗೈ ಮೇಲೆ ಮೆಲ್ಲಗೆ ತಟ್ಟಿ, ಸಡಿಲ ಚೂರು ಉದುರಲಿ. ಮಾಸ್ಕ್ ಹಾಕಿಕೊಳ್ಳಿ, ಆ ಧೂಳು ಶ್ವಾಸಕ್ಕೆ ಕೆಟ್ಟದ್ದು. ಗೂಡಿನಲ್ಲಿ ಬಿದ್ದ ಮರಳನ್ನೂ ತೆಗೆಯಿರಿ. ಅಚ್ಚಿನೊಳಗಿನ ಸಣ್ಣ ಫಿಲ್ಟರನ್ನು ಬೇರೆಯಾಗಿ ಕಾಯಿಸುವುದು ಸಾಮಾನ್ಯವಾಗಿ ಬೇಕಿಲ್ಲ, ಪೂರ್ತಿ ಒಣಗಿದ್ದರೆ ಸಾಕು. ದೊಡ್ಡ ಕಾರ್ಖಾನೆಗಳಲ್ಲಿ ಇಂಗಟ್, ಬಿಲ್ಲೆಟ್‌ನಂಥ ಲೋಹದ ಗಟ್ಟಿಗಳನ್ನು ಎರಕ ಹೊಯ್ಯುವಾಗ 50 ಮಿಲಿಮೀಟರ್ ದಪ್ಪದ ದೊಡ್ಡ ಫಿಲ್ಟರ್‌ಗಳನ್ನು ಪೆಟ್ಟಿಗೆಯಲ್ಲಿ ಕೂರಿಸುತ್ತಾರೆ. ಅವನ್ನು ಬರ್ನರ್‌ನಿಂದ ಎಲ್ಲ ಕಡೆ ಸಮನಾಗಿ ಕಾಯಿಸಲೇಬೇಕು, ಇಲ್ಲದಿದ್ದರೆ ಲೋಹ ರಂಧ್ರದಲ್ಲೇ ಹೆಪ್ಪುಗಟ್ಟುತ್ತದೆ.

ಹಂತ 6: ಸುರಿಯಿರಿ

ಕರಗಿದ ಅಲ್ಯೂಮಿನಿಯಂ ಸೆರಾಮಿಕ್‌ಗೆ ಅಂಟುವುದಿಲ್ಲ, ಎಲೆಯ ಮೇಲಿನ ನೀರಿನ ಹನಿಯ ಹಾಗೆ ಉಂಡೆಯಾಗಿ ನಿಲ್ಲುತ್ತದೆ. ಅದನ್ನು ರಂಧ್ರದೊಳಗೆ ತಳ್ಳೋಕೆ ಮೇಲೆ ಸ್ವಲ್ಪ ಎತ್ತರ ಲೋಹ ನಿಲ್ಲಬೇಕು. ಹಾಗಾಗಿ ಶುರುವಿನಲ್ಲಿ ಅಳುಕಬೇಡಿ. ಲ್ಯಾಡಲ್‌ನ ಮೂತಿಯನ್ನು ಸುರಿಯುವ ಬಟ್ಟಲಿಗೆ ಆದಷ್ಟು ಹತ್ತಿರ ತಂದು, ಬಟ್ಟಲು ಬೇಗ ತುಂಬುವಂತೆ ಹೊಯ್ದು, ಕೊನೆವರೆಗೂ ತುಂಬಿರುವಂತೆ ನೋಡಿಕೊಳ್ಳಿ. ನಡುವೆ ನಿಲ್ಲಿಸಿದರೆ ಫಿಲ್ಟರ್‌ನಲ್ಲಿ ಲೋಹ ಗಟ್ಟಿಯಾಗುತ್ತದೆ, ಮತ್ತೆ ಶುರುವಾಗುವುದಿಲ್ಲ. ಲ್ಯಾಡಲ್‌ನಲ್ಲಿ ಲೋಹ ಸಾಕಾಗುತ್ತದಾ ಎಂದು ಮೊದಲೇ ನೋಡಿಕೊಳ್ಳಿ ಅನ್ನುವುದು ಅದಕ್ಕೇ.

ಫಿಲ್ಟರ್ ದಾಟುವ ಮೊದಲ ಲೋಹ ತಣ್ಣಗಿರುತ್ತದೆ, ಸಡಿಲ ಚೂರನ್ನೂ ಹೊತ್ತು ತರುತ್ತದೆ. ರನ್ನರನ್ನು ಕೊನೆಯ ಗೇಟ್‌ನಿಂದ ಇನ್ನಷ್ಟು ಮುಂದಕ್ಕೆ ಎಳೆದು ಮುಗಿಸಿದರೆ ಅದು ಅಲ್ಲಿ ಹೋಗಿ ಕೂರುತ್ತದೆ.

ಹಂತ 7: ಸೋಸಿದ್ದು ನಿಜವಾ, ನೋಡಿ

ಸುಲಭದ ಪರೀಕ್ಷೆ ಮುರಿದು ನೋಡುವುದು. ಉದ್ದನೆಯ ತೆಳು ಪಟ್ಟಿಯಲ್ಲಿ ಅಡ್ಡ ಕಚ್ಚುಗಳಿರುವ ಲೋಹದ ಅಚ್ಚು ಮಾಡಿಕೊಳ್ಳಿ. ಇದಕ್ಕೆ ಕೆ-ಮೋಲ್ಡ್ ಅನ್ನುತ್ತಾರೆ. ಫಿಲ್ಟರ್‌ಗೆ ಮೊದಲಿನ ಲೋಹದಿಂದ ಒಂದು, ಸೋಸಿದ್ದರಿಂದ ಒಂದು ಪಟ್ಟಿ ಹೊಯ್ದು, ಕಚ್ಚುಗಳಲ್ಲಿ ಪಟಪಟ ಮುರಿದು, ಮುರಿದ ಮೈಯಲ್ಲಿ ಕಪ್ಪು ಚುಕ್ಕೆ, ಬೂದು ಪದರ ಎಷ್ಟಿವೆ ಎಣಿಸಿ. ಪ್ರತಿ ಸಲ ಒಬ್ಬರೇ ಎಣಿಸಿದರೆ ಹೋಲಿಕೆ ನಂಬಬಹುದು.

ಇನ್ನೊಂದು, ಒಂದು ಸಣ್ಣ ಬಟ್ಟಲು ಲೋಹವನ್ನು ಗಾಳಿ ತೆಗೆದ ಡಬ್ಬಿಯಲ್ಲಿ ಗಟ್ಟಿಯಾಗಲು ಬಿಟ್ಟು, ಕೊಯ್ದು ಗುಳ್ಳೆ ನೋಡುವುದು. ಇದು ಹೈಡ್ರೋಜನ್ನನ್ನು ಮಾತ್ರ ತೋರಿಸುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಆಕ್ಸೈಡ್ ಮಡಿಕೆಗಳೂ ಒತ್ತಡ ಇಳಿದಾಗ ಬಾಯಿ ಬಿಟ್ಟು ಗುಳ್ಳೆಯಾಗುತ್ತವೆ. ಅದೇ ಲೋಹವನ್ನು ಸೋಸಿದ ಮೇಲೆ ಗುಳ್ಳೆ ಕಡಿಮೆಯಾದರೆ ಕಾರಣ ಇದೇ ಇರಬಹುದು.

ಬೇರೆ ಲೋಹಗಳಿಗೆ

ಅಲ್ಯೂಮಿನಿಯಂಗೆ ಅಲ್ಯೂಮಿನಾ ಫಿಲ್ಟರ್ ಸಾಕು. ಎರಕದ ಕಬ್ಬಿಣಕ್ಕೆ ಸಿಲಿಕಾನ್ ಕಾರ್ಬೈಡ್, ಉಕ್ಕಿಗೆ ಜಿರ್ಕೋನಿಯಾ ಬೇಕು. ಉಕ್ಕನ್ನು 1,600 ಡಿಗ್ರಿಯ ಆಸುಪಾಸಿನಲ್ಲಿ ಸುರಿಯುತ್ತಾರೆ, ಸಿಲಿಕಾನ್ ಕಾರ್ಬೈಡ್ ಫಿಲ್ಟರ್ ಅಲ್ಲಿ ತಾಳುವುದಿಲ್ಲ. ಮೆಗ್ನೀಸಿಯಂ ಸೇರಿಸಿ ಮಾಡುವ ಡಕ್ಟೈಲ್ ಎರಕದ ಕಬ್ಬಿಣದಲ್ಲಿ ಅದರಿಂದ ಹುಟ್ಟುವ ಕಿಟ್ಟ ಜಾಸ್ತಿ, ಹಾಗಾಗಿ ಸಾಮಾನ್ಯ ಬೂದು ಎರಕದ ಕಬ್ಬಿಣಕ್ಕಿಂತ ಬೇಗ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ದೊಡ್ಡದೇ ಹಾಕಿ. ಮೆಗ್ನೀಸಿಯಂ ಮಿಶ್ರಲೋಹಗಳ ಮಾತು ಬೇರೆಯೇ. ಅದು ಸಿಲಿಕಾವನ್ನೂ ಅಲ್ಯೂಮಿನಾವನ್ನೂ ತಿನ್ನುತ್ತದೆ, ಕಬ್ಬಿಣವನ್ನು ಅಷ್ಟಾಗಿ ಕರಗಿಸುವುದಿಲ್ಲ. ಅಲ್ಲಿ ಸ್ಟೀಲ್ ಬಲೆ ನಡೆಯುತ್ತದೆ. ಆದರೆ ಮೆಗ್ನೀಸಿಯಂ ಹೊತ್ತಿ ಉರಿಯುವ ಲೋಹ, ಕಲಿತವರ ಜೊತೆಯಲ್ಲೇ ಮಾಡಿ.

ಕೆಟ್ಟಾಗ ಎಲ್ಲಿ ನೋಡಬೇಕು

ಅಚ್ಚು ಅರ್ಧ ತುಂಬಿ ನಿಂತಿದ್ದರೆ ಮೊದಲು ಉಷ್ಣತೆ ನೋಡಿ, ಆಮೇಲೆ ಪಿಪಿಐ, ಆಮೇಲೆ ಲೋಹದ ಕೊಳಕು. ಫಿಲ್ಟರ್ ಒಡೆದಿದ್ದರೆ ಧಾರೆ ನೇರವಾಗಿ ಬಡಿಯುತ್ತಿದೆ, ಇಲ್ಲವೇ ಗೂಡಿನ ಆಸರೆ ಒಂದು ಕಡೆ ಕಡಿಮೆ ಇದೆ. ಕಲೆಗಳು ಮೊದಲಿನಷ್ಟೇ ಇದ್ದರೆ ರನ್ನರ್ ಕೊಯ್ದು ಆ ತೆಳ್ಳನೆಯ ರೆಕ್ಕೆ ಇದೆಯಾ ಹುಡುಕಿ. ರೆಕ್ಕೆ ಇಲ್ಲ, ಫಿಲ್ಟರ್ ಚೆನ್ನಾಗಿ ಹಿಡಿದಿದೆ, ಆದರೂ ಕಲೆ ಇದೆ ಅಂದರೆ ಫಿಲ್ಟರ್ ಆಚೆ ಎಲ್ಲೋ ಲೋಹ ಬೀಳುತ್ತಿದೆ. ಗೇಟ್ ಎಷ್ಟು ಎತ್ತರದಲ್ಲಿದೆ ಎಂದು ಸ್ಕೇಲ್ ಹಿಡಿದು ಅಳೆಯಿರಿ.

ಇನ್ನು ಕತ್ತರಿಸಿದ ರನ್ನರ್‌ಗಳು. ಅವನ್ನು ಮತ್ತೆ ಕರಗಿಸುವುದು ಇದ್ದದ್ದೇ. ಫಿಲ್ಟರ್ ಇರುವ ಭಾಗವನ್ನು ಗರಗಸದಲ್ಲಿ ಬೇರೆ ಮಾಡಿ, ಬೇರೆ ಡಬ್ಬದಲ್ಲಿ ಹಾಕಿಡಿ. ಒಟ್ಟಿಗೇ ಮೂಸೆಗೆ ಹೋದರೆ ಹಿಡಿದ ಕೊಳೆಯೆಲ್ಲ ಸೆರಾಮಿಕ್ ಚೂರುಗಳ ಸಮೇತ ಮುಂದಿನ ಎರಕಕ್ಕೆ ಬರುತ್ತದೆ.